ಸೊಮ್ಯಾಟಿಕ್ ನೃತ್ಯ ಮತ್ತು ಚಲನೆಯ ಶಿಕ್ಷಕರಾಗಲು ತರಬೇತಿ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯಿಂದ ಈ ತರಬೇತಿಗೆ ಹೊರಡಬೇಕೆಂದಿರುವವರಿಗಾಗಿ ಈ ಪುಟ. ನೃತ್ಯ ಕಲಿತವರು, ಯೋಗ ಹೇಳಿಕೊಡುವವರು, ರಂಗಭೂಮಿಯವರು, ಶಾಲಾ ಶಿಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವು ಉತ್ತರಗಳು ಉದ್ದವಾಗಿವೆ, ಹೊಸ ಶಿಕ್ಷಕರು ಎಡವುವುದು ಅಲ್ಲೇ ಆದ್ದರಿಂದ.

ಸೊಮ್ಯಾಟಿಕ್ ಅಂದರೆ ಏನು?

ಗ್ರೀಕ್ ಭಾಷೆಯಲ್ಲಿ ‘ಸೋಮಾ’ ಅಂದರೆ ದೇಹ. ಅಮೆರಿಕದ ಥಾಮಸ್ ಹ್ಯಾನಾ 1976ರಲ್ಲಿ ಈ ಪದದಿಂದ ‘ಸೊಮ್ಯಾಟಿಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಹೊರಗಿನಿಂದ ಕಾಣುವ ದೇಹವಲ್ಲ, ಒಳಗಿದ್ದು ಬದುಕುತ್ತಿರುವವರಿಗೆ ತಿಳಿಯುವ ದೇಹ ಎಂಬುದು ಅವರು ಕೊಟ್ಟ ಅರ್ಥ.

ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರನ್ನು ನೋಡಿ. ನೋಡುವವರಿಗೆ ಬಾಗಿದ ಬೆನ್ನು, ಮೇಲೆದ್ದ ಹೆಗಲು ಕಾಣುತ್ತದೆ. ಸುಲಿಯುವವರಿಗೆ ಮೊದಲ ವಾರ ಹೆಗಲು ಬಿಗಿದದ್ದು ಗೊತ್ತಾಗುತ್ತದೆ. ಸುಗ್ಗಿ ಮುಗಿಯುವ ಹೊತ್ತಿಗೆ ಗೊತ್ತಾಗುವುದು ನಿಂತಿರುತ್ತದೆ, ಹೆಗಲು ಮಾತ್ರ ಇಳಿದಿರುವುದಿಲ್ಲ. ಬಿಗಿತ ಉಳಿದು ಅದರ ಅರಿವು ಹೋಗುವ ಈ ಸ್ಥಿತಿಯನ್ನು ಹ್ಯಾನಾ ‘ಸೆನ್ಸರಿ ಮೋಟಾರ್ ಅಮ್ನೀಷಿಯಾ’ ಎಂದು ಕರೆದರು. ‘ಮೈಮರೆವು’ ಎಂಬ ಚೆಂದದ ಪದ ನಮ್ಮಲ್ಲಿದ್ದರೂ ಅದಕ್ಕೆ ಬೇರೆಯೇ ಅರ್ಥವಿದೆ. ತರಗತಿಯಲ್ಲಿ ‘ಸ್ನಾಯುವಿನ ಮರೆವು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಶಿಕ್ಷಕರ ಕೆಲಸ ಆ ಹೆಗಲನ್ನು ಹಿಡಿದು ಕೆಳಗೆ ಒತ್ತುವುದಲ್ಲ. ಅದು ಮೇಲಿದೆ ಎಂದು ಅವರಿಗೇ ತಿಳಿಯುವಂತೆ ಮಾಡುವುದು.

ಈ ವಿದ್ಯೆಯ ಮೂಲ ಎಲ್ಲಿಯದು?

ಒಬ್ಬರದಲ್ಲ. ವೇದಿಕೆಯ ಮೇಲೆ ಧ್ವನಿ ಕಟ್ಟುತ್ತಿದ್ದುದಕ್ಕೆ ಕಾರಣ ಹುಡುಕುತ್ತ ಹೋದ ಆಸ್ಟ್ರೇಲಿಯಾದ ನಟ ಎಫ್. ಎಂ. ಅಲೆಕ್ಸಾಂಡರ್ (1869–1955), ಮಂಡಿಯ ಪೆಟ್ಟಿನಿಂದಾಗಿ ತನ್ನ ನಡಿಗೆಯನ್ನೇ ಅಧ್ಯಯನ ಮಾಡಿದ ಭೌತವಿಜ್ಞಾನಿ ಮತ್ತು ಜೂಡೋ ಪಟು ಮೋಶೆ ಫೆಲ್ಡೆನ್‌ಕ್ರೈಸ್ (1904–1984), ಚಲನೆಯ ವಿಶ್ಲೇಷಣೆಗೆ ದಾರಿ ಹಾಕಿದ ರುಡಾಲ್ಫ್ ಲಾಬಾನ್‌ರಿಂದ ಕಲಿತು ಪೋಲಿಯೊ ರೋಗಿಗಳ ಜೊತೆ ಕೆಲಸ ಮಾಡಿದ ನರ್ತಕಿ ಇರ್ಮ್‌ಗಾರ್ಡ್ ಬಾರ್ಟೆನಿಯೆಫ್ (1900–1981), 1973ರಲ್ಲಿ ‘ಬಾಡಿ-ಮೈಂಡ್ ಸೆಂಟರಿಂಗ್’ ಶಾಲೆ ತೆರೆದ ಬಾನಿ ಬೇನ್‌ಬ್ರಿಜ್ ಕೋಹೆನ್, ನೃತ್ಯವನ್ನು ವೇದಿಕೆಯಿಂದ ಬಯಲಿಗೆ ತಂದ ಅನ್ನಾ ಹಾಲ್ಪ್ರಿನ್ (1920–2021): ಈ ಹೆಸರುಗಳು ತರಬೇತಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವ ಕೋರ್ಸು ಯಾರ ಪರಂಪರೆಯದು ಎಂದು ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಕಲಿಸುವ ರೀತಿ ಒಂದಕ್ಕೊಂದು ತುಂಬ ಬೇರೆ.

ಯೋಗಕ್ಕೂ ಇದಕ್ಕೂ ಏನು ವ್ಯತ್ಯಾಸ? ನಾನು ಈಗಾಗಲೇ ಯೋಗ ಶಿಕ್ಷಕಿ.

ಆಸನಕ್ಕೆ ತಲುಪಬೇಕಾದ ಒಂದು ರೂಪವಿದೆ. ಇಲ್ಲಿ ರೂಪವಿಲ್ಲ, ತಲುಪುವ ದಾರಿಯೇ ಪಾಠ. ಪಶ್ಚಿಮೋತ್ತಾನದಲ್ಲಿ ಹಣೆ ಮಂಡಿಗೆ ತಾಗಿತೇ ಎಂದು ನೋಡುವ ಕಣ್ಣು, ಇಲ್ಲಿ ಬಾಗುವಾಗ ಉಸಿರು ಎಲ್ಲಿ ನಿಂತಿತು ಎಂದು ನೋಡಬೇಕು. ಯೋಗ ಶಿಕ್ಷಕರಿಗೆ ದೊಡ್ಡ ಅನುಕೂಲವೂ ಇದೆ: ಗುಂಪನ್ನು ನಡೆಸಿ ಗೊತ್ತು, ಧ್ವನಿ ಪಳಗಿದೆ, ಮೌನಕ್ಕೆ ಹೆದರುವುದಿಲ್ಲ. ಕಷ್ಟವಾಗುವುದು ತಿದ್ದದೆ ಸುಮ್ಮನಿರುವುದು.

ನೃತ್ಯ ಗೊತ್ತಿರಲೇಬೇಕೇ? ಯಕ್ಷಗಾನ, ಡೊಳ್ಳು ಕುಣಿತ ಲೆಕ್ಕಕ್ಕೆ ಬರುತ್ತದೆಯೇ?

ಗೊತ್ತಿರಲೇಬೇಕೆಂದಿಲ್ಲ. ಆದರೆ ವಾರಕ್ಕೆ ಮೂರು ದಿನವಾದರೂ ಮೈಯನ್ನು ದುಡಿಸುವ ಯಾವುದಾದರೂ ಅಭ್ಯಾಸ ಎರಡು ವರ್ಷದಿಂದ ಇದ್ದರೆ ತರಬೇತಿ ಹಗುರಾಗುತ್ತದೆ.

ಬಡಗುತಿಟ್ಟು ಯಕ್ಷಗಾನದವರಿಗೆ ತಾಳ, ತ್ರಾಣ ಎರಡೂ ಇರುತ್ತವೆ. ಅವರ ತೊಡಕು ಬೇರೆ: ಮೈ ಸದಾ ಎದುರಿನ ಪ್ರೇಕ್ಷಕರ ಕಡೆ ತೆರೆದಿರುತ್ತದೆ, ಎದೆ ಮುಂದೆ, ಕಣ್ಣು ದೂರಕ್ಕೆ. ಕಣ್ಣು ಕೆಳಗಿಳಿಸಿ, ಯಾರೂ ನೋಡದ ಒಂದು ಸಣ್ಣ ಚಲನೆಯನ್ನು ಹತ್ತು ನಿಮಿಷ ಮಾಡಿ ಅಂದರೆ ಮೊದಲ ತಿಂಗಳು ಚಡಪಡಿಸುತ್ತಾರೆ. ಮಂಡಿ ಹಾಕಿ ತಿರುಗಿ ತಿರುಗಿ ಮೊಣಕಾಲು ಸವೆದಿದ್ದರೆ ನೆಲದ ಅಭ್ಯಾಸಕ್ಕೆ ದಪ್ಪ ಕಂಬಳಿ ಬೇಕು. ಭರತನಾಟ್ಯದವರಲ್ಲಿ ನೋಡಬೇಕಾದದ್ದು ಅರಮಂಡಿ, ಅಂದರೆ ಪಾದ ಹೊರಕ್ಕೆ ತಿರುಗಿಸಿ ಮಂಡಿ ಮಡಿಸಿ ಅರ್ಧ ಕೂತ ನಿಲುವು. ತೊಡೆ ತಿರುಗಬೇಕಾದದ್ದು ತೊಡೆಸಂದಿನಿಂದ. ಅಲ್ಲಿ ಸಾಲದೆ ಪಾದದಿಂದ ಒತ್ತಿ ತಿರುಗಿಸುವ ರೂಢಿ ಬಿದ್ದಿದ್ದರೆ ಮಂಡಿಯ ಒಳಬದಿ ನೋಯುತ್ತದೆ. ಡೊಳ್ಳಿನವರಲ್ಲಿ ಒಂದು ಹೆಗಲಿನ ಭಾರ ಬೆನ್ನಿನ ಉದ್ದಕ್ಕೂ ಓರೆಯಾಗಿ ಇಳಿದಿರುತ್ತದೆ. ಇವು ಯಾವುವೂ ಅನರ್ಹತೆಯಲ್ಲ. ನಿಮ್ಮ ಮೊದಲ ಪಾಠದ ಸಾಮಗ್ರಿ ನಿಮ್ಮ ಮೈಯಲ್ಲೇ ಇದೆ ಎಂದಷ್ಟೇ ಇದರ ಅರ್ಥ.

ವಯಸ್ಸಿನ ಮಿತಿ ಇದೆಯೇ?

ಮೇಲ್ಮಿತಿ ಇಲ್ಲ. ಐವತ್ತು ದಾಟಿದವರು ಒಳ್ಳೆಯ ಶಿಕ್ಷಕರಾಗುತ್ತಾರೆ, ನಿಧಾನ ಅವರಿಗೆ ಕಲಿಸಬೇಕಾಗಿಲ್ಲ.

ಎಷ್ಟು ಗಂಟೆಯ ತರಬೇತಿ ಬೇಕು?

ಅಂತರರಾಷ್ಟ್ರೀಯ ಸೊಮ್ಯಾಟಿಕ್ ಸಂಘಟನೆಯಾದ ‘ಇಸ್ಮೆಟಾ’ದಲ್ಲಿ ಶಿಕ್ಷಕರಾಗಿ ನೋಂದಾಯಿಸಿಕೊಳ್ಳಲು 500 ಗಂಟೆಯ ತರಬೇತಿ ಅಳತೆಗೋಲು. ಫೆಲ್ಡೆನ್‌ಕ್ರೈಸ್ ತರಬೇತಿ ಸುಮಾರು 800 ಗಂಟೆ, ಮೂರರಿಂದ ನಾಲ್ಕು ವರ್ಷಗಳಲ್ಲಿ ಹಂಚಿರುತ್ತದೆ. ಅಲೆಕ್ಸಾಂಡರ್ ತಂತ್ರದ ಶಿಕ್ಷಕರಿಗೆ ಮೂರು ವರ್ಷ, 1600 ಗಂಟೆ.

ಇದಕ್ಕೆ ಹೋಲಿಸಿದರೆ ಎರಡು ವಾರಾಂತ್ಯದ, 20–30 ಗಂಟೆಯ ಪ್ರಮಾಣಪತ್ರ ಏನು ಎಂಬುದು ತಾನೇ ತಿಳಿಯುತ್ತದೆ. ಅದು ಪರಿಚಯ. ಅದರಿಂದ ನಿಮ್ಮ ಮೈಗೆ ಲಾಭವಾಗುತ್ತದೆ, ನಿಮ್ಮ ನೃತ್ಯ ತರಗತಿಯ ಆರಂಭಕ್ಕೆ ನಾಲ್ಕು ಅಭ್ಯಾಸ ಸಿಗುತ್ತವೆ, ಆದರೆ ಅದನ್ನು ತೋರಿಸಿ ಶಿಕ್ಷಕ ಎಂದು ಬೋರ್ಡು ಹಾಕಬಾರದು. ಅವಧಿ ಉದ್ದವಿರಲು ಕಾರಣ ಪಾಠ ಹೆಚ್ಚಿರುವುದಲ್ಲ. ಒಂದು ಚಲನೆಯನ್ನು ನಿಮ್ಮ ಮೈಯಲ್ಲಿ ಗುರುತಿಸಲು ವಾರಗಳು ಸಾಕು; ಅದನ್ನೇ ಮೂವತ್ತು ಬೇರೆ ಬೇರೆ ಮೈಗಳಲ್ಲಿ ಗುರುತಿಸಲು ವರ್ಷಗಳು ಬೇಕು.

500 ಗಂಟೆಯನ್ನು ಹೀಗೆ ಹಂಚಿದ ಕೋರ್ಸು ಒಳ್ಳೆಯದು: ಅರ್ಧಕ್ಕಿಂತ ಹೆಚ್ಚು ಸ್ವಂತ ಚಲನೆಯ ಅಭ್ಯಾಸ, ಸುಮಾರು 100 ಗಂಟೆ ಅಂಗರಚನೆ ಮತ್ತು ಚಲನೆಯ ವಿಶ್ಲೇಷಣೆ, ಕನಿಷ್ಠ 60 ಗಂಟೆ ಅನುಭವಿ ಶಿಕ್ಷಕರ ಕಣ್ಣೆದುರು ಕಲಿಸುವುದು, ಉಳಿದದ್ದು ಓದು, ಬರಹ, ನೀತಿ. ಕಣ್ಣೆದುರು ಕಲಿಸುವ ಗಂಟೆಗಳೇ ಇಲ್ಲದಿದ್ದರೆ ಬಿಟ್ಟುಬಿಡಿ.

ಎಲ್ಲಿ ಕಲಿಯಬಹುದು? ಮನೆ, ತೋಟ ಬಿಟ್ಟು ವರ್ಷಗಟ್ಟಲೆ ಹೋಗಲಾಗದು.

ಉದ್ದದ ಕೋರ್ಸುಗಳಿಗೆ ಮಲೆನಾಡಿನಿಂದ ಹೊರಗೆ ಹೋಗುವುದು ತಪ್ಪದು, ಆದರೆ ಒಂದೇ ಸಲ ಅಲ್ಲ. ಬಹಳಷ್ಟು ತರಬೇತಿಗಳು ಐದರಿಂದ ಹದಿನೈದು ದಿನದ ಕಂತುಗಳಲ್ಲಿ ನಡೆಯುತ್ತವೆ. ನಡುವಿನ ತಿಂಗಳುಗಳಲ್ಲಿ ಮನೆಯಲ್ಲೇ ಅಭ್ಯಾಸ, ಆನ್‌ಲೈನ್ ಭೇಟಿ.

ಬೆಂಗಳೂರಿನ ಅಟ್ಟಕ್ಕಲರಿ ಸಮಕಾಲೀನ ನೃತ್ಯದ ಕೇಂದ್ರ. ಅಲ್ಲಿನದು ಸೊಮ್ಯಾಟಿಕ್ ಪ್ರಮಾಣಪತ್ರವಲ್ಲವಾದರೂ ಚಲನೆಯ ಅಡಿಪಾಯ ಗಟ್ಟಿಯಾಗುತ್ತದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ‘ಕೋಲ್ಕತ್ತ ಸಂವೇದ್’ ಎಂಬ ಸಂಸ್ಥೆಯ ಜೊತೆಗೂಡಿ ನೃತ್ಯ ಚಲನ ಚಿಕಿತ್ಸೆಯ ಡಿಪ್ಲೊಮಾ ನಡೆಸಿದೆ. ಅದು ಚಿಕಿತ್ಸೆಯ ದಾರಿ, ಮುಂದೆ ಹೇಳಿರುವಂತೆ ಅದೇ ಬೇರೆ. ನಮ್ಮಲ್ಲೇ ಇರುವ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಅಲ್ಲಿ ಒಂದು ವರ್ಷ ಕಲಿತವರಿಗೆ ದೇಹ, ಧ್ವನಿ, ಗುಂಪು ಈ ಮೂರರ ಅರಿವು ಬಂದಿರುತ್ತದೆ, ಆ ಮೇಲೆ ಸೊಮ್ಯಾಟಿಕ್ ಕಡೆ ತಿರುಗುವುದು ಸಲೀಸು.

ಬೆಂಗಳೂರಿನ ಕಂತುಗಳಿಗೆ ತಾಳಗುಪ್ಪದಿಂದ ಸಾಗರ, ಶಿವಮೊಗ್ಗ ಮೇಲೆ ಹೋಗುವ ರಾತ್ರಿ ರೈಲು ಅನುಕೂಲ. ಘಟ್ಟದ ರಸ್ತೆಯಲ್ಲಿ ರಾತ್ರಿ ಬಸ್ಸಿನಲ್ಲಿ ಕುಲುಕಿ ಬಂದು ಬೆಳಿಗ್ಗೆ ಎಂಟಕ್ಕೆ ನೆಲದ ಮೇಲೆ ಮಲಗಿದರೆ ಬೆನ್ನಿನ ಯಾವ ಸೂಕ್ಷ್ಮವೂ ತಿಳಿಯದು. ಹಿಂದಿನ ದಿನವೇ ತಲುಪಿ. ಆನ್‌ಲೈನ್ ಕಂತು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದನ್ನು ಮೊದಲೇ ತಿಳಿಸಿ, ಪಾಠದ ಧ್ವನಿಮುದ್ರಿಕೆ ಇಳಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಕೇಳಿ. ಈ ಪಾಠಗಳು ಬಹುಪಾಲು ಮಾತಿನಿಂದಲೇ ನಡೆಯುವುದರಿಂದ ಧ್ವನಿ ಸಾಕು, ಚಿತ್ರ ಬೇಕಿಲ್ಲ.

ಶುಲ್ಕ ಕಟ್ಟುವ ಮೊದಲು ಏನು ಕೇಳಬೇಕು?

ಒಟ್ಟು ಗಂಟೆಯಲ್ಲಿ ಮುಖಾಮುಖಿ ಎಷ್ಟು? ನಾನು ಕಲಿಸುವುದನ್ನು ಯಾರು, ಎಷ್ಟು ಸಲ ನೋಡಿ ಹೇಳುತ್ತಾರೆ? ಮುಟ್ಟುವುದರ ಬಗ್ಗೆ ಬರಹದಲ್ಲಿ ನಿಯಮ ಇದೆಯೇ? ಒಂದು ಕಂತು ತಪ್ಪಿದರೆ ಮುಂದಿನ ವರ್ಷ ಸೇರಿಸಿಕೊಳ್ಳಬಹುದೇ? ಅರ್ಧಕ್ಕೆ ಬಿಟ್ಟರೆ ಹಣದ ಗತಿ? ಮುಗಿಸಿದ ಮೇಲೆ ಯಾವ ಹೆಸರಿನಲ್ಲಿ ಕಲಿಸಬಹುದು, ಹೆಸರಿಗೆ ವರ್ಷವರ್ಷ ಹಣ ಕಟ್ಟಬೇಕೇ? ಕನ್ನಡದಲ್ಲಿ ಕಲಿಸಿ ತೋರಿಸಿದರೆ ಒಪ್ಪುತ್ತಾರೆಯೇ? ಕೊನೆಯದನ್ನು ಮರೆಯಬೇಡಿ. ನೀವು ಕಲಿಸಬೇಕಾದದ್ದು ಕನ್ನಡದಲ್ಲಿ, ಪರೀಕ್ಷೆಯೂ ಅದರಲ್ಲೇ ಆಗಲಿ.

ಅಂಗರಚನೆ ಎಷ್ಟು ಕಲಿಯಬೇಕು? ವಿಜ್ಞಾನ ಓದಿಲ್ಲ.

ವೈದ್ಯರಷ್ಟು ಬೇಡ. ಆದರೆ ಕಲಿತದ್ದು ಬಾಯಿಪಾಠವಾಗದೆ ಬೆರಳ ತುದಿಯಲ್ಲಿರಬೇಕು. ಬೆನ್ನೆಲುಬಿನಲ್ಲಿ ಕುತ್ತಿಗೆಗೆ 7, ಎದೆಭಾಗಕ್ಕೆ 12, ಕೆಳಬೆನ್ನಿಗೆ 5 ಮಣಿ. ಕೆಳಬೆನ್ನಿನ ಐದು ಮಣಿ ಬಾಗುವುದಕ್ಕೆ ಚೆನ್ನ, ತಿರುಗುವುದಕ್ಕಲ್ಲ. ತಿರುಗುವಿಕೆ ಬರಬೇಕಾದದ್ದು ಎದೆಭಾಗದಿಂದ, ಕುತ್ತಿಗೆಯಿಂದ, ತೊಡೆಸಂದಿನಿಂದ. ಇದು ಗೊತ್ತಿಲ್ಲದವರು ಕೆಳಬೆನ್ನನ್ನೇ ಹಿಂಡಿಸುತ್ತಾರೆ. ತಲೆಯ ತೂಕ ನಾಲ್ಕೂವರೆ–ಐದು ಕೆಜಿ, ಅದು ಕೂತಿರುವ ಕೀಲು ಎರಡು ಕಿವಿಗಳ ನಡುವೆ ಇದೆ, ಜನ ಅಂದುಕೊಳ್ಳುವಷ್ಟು ಕೆಳಗಲ್ಲ. ತೋಳು ಮುಂಡಕ್ಕೆ ಮೂಳೆಯಿಂದ ಕೂಡಿಕೊಂಡಿರುವುದು ಒಂದೇ ಕಡೆ: ಕೊರಳ ಕೆಳಗೆ, ಕಾಲರ್ ಬೋನ್ ಎದೆಮೂಳೆಗೆ ಸೇರುವಲ್ಲಿ. ಅಲ್ಲಿ ಬೆರಳಿಟ್ಟು ತೋಳೆತ್ತಿಸಿ ನೋಡಿ, ಹೆಗಲಿನ ಬಗ್ಗೆ ಅರ್ಧ ಗಂಟೆಯ ಉಪನ್ಯಾಸ ಉಳಿಯುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆ.

ಕನ್ನಡದಲ್ಲಿ ಕಲಿಸುವವರಿಗೆ ಒಂದು ವಿಶೇಷ ತೊಡಕು ‘ಸೊಂಟ’. ನಮ್ಮ ಮಾತಿನಲ್ಲಿ ನಡು, ಕೆಳಬೆನ್ನು, ಕಟಿಯ ಎಲುಬು, ತೊಡೆಯ ಕೀಲು ಎಲ್ಲವೂ ಸೊಂಟವೇ. ‘ಸೊಂಟದಿಂದ ಬಾಗಿ’ ಅಂದರೆ ಹತ್ತರಲ್ಲಿ ಎಂಟು ಜನ ಹೊಕ್ಕುಳ ಮಟ್ಟದಲ್ಲಿ ಬೆನ್ನು ಮುರಿದು ಬಾಗುತ್ತಾರೆ. ಕೀಲು ಇರುವುದು ಅದಕ್ಕಿಂತ ಒಂದು ಗೇಣು ಕೆಳಗೆ, ಕೂತಾಗ ಬಟ್ಟೆ ಮಡಿಕೆ ಬೀಳುವ ಜಾಗದಲ್ಲಿ. ‘ತೊಡೆಸಂದು’ ಎಂದು ಹೇಳಿ, ಅಂಗೈಯ ಅಂಚನ್ನು ಅಲ್ಲಿಟ್ಟುಕೊಂಡು ಬಾಗಿಸಿ. ಗದ್ದೆಯಲ್ಲಿ ನಾಟಿ ಮಾಡಿ ರೂಢಿಯಿರುವ ಹೆಂಗಸರು ಇಲ್ಲಿಂದಲೇ ಬಾಗುತ್ತಾರೆ. ಅವರಿಗೆ ನೀವು ಕಲಿಸುವುದಕ್ಕಿಂತ ಅವರನ್ನು ಗುಂಪಿಗೆ ತೋರಿಸುವುದು ಮೇಲು.

ಇಷ್ಟು ನಿಧಾನ ಏಕೆ? ಜನಕ್ಕೆ ಬೇಸರವಾಗದೇ?

ಸೊಪ್ಪಿನ ಹೊರೆ ಹೊತ್ತವರಿಗೆ ಅದರ ಮೇಲೆ ಒಂದು ಎಲೆ ಬಿದ್ದದ್ದು ತಿಳಿಯದು. ಬರಿಗೈಯ ಮೇಲೆ ಬಿದ್ದರೆ ತಿಳಿಯುತ್ತದೆ. ಸ್ನಾಯುವೂ ಹಾಗೇ: ಬಲ ಹೆಚ್ಚಾದಷ್ಟೂ ಸಣ್ಣ ವ್ಯತ್ಯಾಸ ಗುರುತಿಸುವ ಶಕ್ತಿ ಕಡಿಮೆ. ಫೆಲ್ಡೆನ್‌ಕ್ರೈಸ್ ತನ್ನ ಪಾಠಗಳನ್ನು ಕಟ್ಟಿದ್ದೇ ಈ ನಿಯಮದ ಮೇಲೆ. ಆದ್ದರಿಂದ ಚಲನೆ ಸಣ್ಣದು, ಬಲ ಕಡಿಮೆ, ವೇಗ ಮಂದ.

ಎಳೆತಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಶುರುವಿನಲ್ಲೇ ಅರ್ಥ ಮಾಡಿಕೊಳ್ಳಿ. ಬಿಗಿದ ಸ್ನಾಯುವನ್ನು ಹೊರಗಿನಿಂದ ಸರಕ್ಕನೆ ಎಳೆದರೆ ಅದರೊಳಗಿನ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಕಳಿಸಿ ಸ್ನಾಯುವನ್ನು ಮತ್ತೆ ಬಿಗಿಸುತ್ತವೆ. ಹ್ಯಾನಾ ವಿಧಾನ ತಿರುಗುಮುರುಗು: ಬಿಗಿದದ್ದನ್ನು ತಾನಾಗಿ ಇನ್ನಷ್ಟು ಬಿಗಿಸಿ, ಆಮೇಲೆ ತೀರ ನಿಧಾನವಾಗಿ ಬಿಡುವುದು. ಇಂಗ್ಲಿಷಿನಲ್ಲಿ ಪ್ಯಾಂಡಿಕ್ಯುಲೇಶನ್ ಎನ್ನುವ ಇದಕ್ಕೆ ನಮ್ಮಲ್ಲಿ ಪದ ಹುಡುಕಬೇಕಿಲ್ಲ, ‘ಮೈಮುರಿಯುವುದು’ ಇದೆ. ಜಗಲಿಯಿಂದ ಎದ್ದ ನಾಯಿ ಮುಂಗಾಲು ಚಾಚಿ ಮಾಡುವುದು ಇದನ್ನೇ. ಬಿಗಿಸಲು 3–5 ಸೆಕೆಂಡು, ಬಿಡಲು ಅದರ ಎರಡರಷ್ಟು, ನಡುವೆ ಪೂರ್ತಿ ಸುಮ್ಮನಿರಲು 10–15 ಸೆಕೆಂಡು. ಹೊಸ ಶಿಕ್ಷಕರು ಕತ್ತರಿಸುವುದು ಈ ಕೊನೆಯದನ್ನು. ಸುಮ್ಮನಿರುವಾಗಲೇ ವ್ಯತ್ಯಾಸ ತಿಳಿಯುವುದು, ಅದನ್ನು ಕತ್ತರಿಸಿದರೆ ಉಳಿಯುವುದು ಬರೀ ವ್ಯಾಯಾಮ.

ಒಂದು ತರಗತಿಯ ಕಟ್ಟು ಹೇಗಿರುತ್ತದೆ?

75 ನಿಮಿಷ ಎಂದಿಟ್ಟುಕೊಳ್ಳಿ. ಬಂದು ಕೂತು ಮಾತಾಡಲು 5. ಅಂಗಾತ ಮಲಗಿ, ಮಂಡಿ ಮಡಿಸಿ, ನೆಲಕ್ಕೆ ಮೈ ಎಲ್ಲೆಲ್ಲಿ ತಾಗಿದೆ ಎಂದು ಗಮನಿಸಲು 10. ಆ ದಿನದ ಒಂದೇ ವಿಷಯದ ಮೇಲೆ ನೆಲದ ಅಭ್ಯಾಸ 20: ಕಟಿಯನ್ನು ಗಡಿಯಾರದ ಮುಖದಂತೆ ಹನ್ನೆರಡರಿಂದ (ಹೊಕ್ಕುಳ ಕಡೆ) ಆರಕ್ಕೆ (ಬಾಲದ ಮೂಳೆ ಕಡೆ) ಹೊರಳಿಸುವುದು, ಅಥವಾ ಬಾರ್ಟೆನಿಯೆಫ್‌ರ ತೊಡೆ ಎತ್ತುವಿಕೆ, ಮಂಡಿಯನ್ನು ಓರೆಗೆ ಬೀಳಿಸುವುದು, ತೋಳಿನ ಸುತ್ತು. ನೆಲದಿಂದ ಏಳಲು 10. ಇದಕ್ಕೆ ಸಮಯ ಕೊಡದೆ ‘ಎದ್ದೇಳಿ’ ಅಂದರೆ ಇಪ್ಪತ್ತು ನಿಮಿಷದ ಕೆಲಸ ಒಂದೇ ಜಗ್ಗಾಟದಲ್ಲಿ ಹೋಗುತ್ತದೆ. ಪಕ್ಕಕ್ಕೆ ಹೊರಳಿ, ಕೈಯೂರಿ, ನಾಲ್ಕು ಕಾಲಾಗಿ, ಮಂಡಿಗೆ ಬಂದು ಏಳಲಿ. ಆಮೇಲೆ 18 ನಿಮಿಷ ನೃತ್ಯ. ನೆಲದಲ್ಲಿ ಸಿಕ್ಕಿದ್ದನ್ನೇ ನಿಂತು, ನಡೆದು, ತಿರುಗಿ, ಇನ್ನೊಬ್ಬರ ಜೊತೆ ಹಿಗ್ಗಿಸುವುದು. ಕೊನೆಗೆ ಮತ್ತೆ ಮಲಗಿ 7, ಮಾತಿಗೆ 5.

ಒಂದೇ ತರಗತಿಯಲ್ಲಿ ನಾಲ್ಕು ವಿಷಯ ತುರುಕುವುದು ಎಲ್ಲ ಹೊಸಬರ ತಪ್ಪು. ಹೆದರಿಕೆಯಿಂದ ಹಾಗಾಗುತ್ತದೆ, ಜನ ಹಣಕ್ಕೆ ತಕ್ಕ ಸರಕು ಸಿಗಲಿಲ್ಲ ಅಂದುಕೊಂಡಾರೆಂದು. ಒಂದನ್ನೇ ಬಗೆಬಗೆಯಾಗಿ ಮಾಡಿಸಿ.

ಕನ್ನಡದಲ್ಲಿ ಸೂಚನೆ ಕೊಡುವುದು ಹೇಗೆ? ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ.

ಸೂಚನೆಗಳನ್ನು ಅನುವಾದ ಮಾಡಬೇಡಿ. ಚಲನೆಯನ್ನು ನೀವೇ ಮಾಡುತ್ತ, ನಿಮ್ಮ ಮನೆಮಾತಿನಲ್ಲಿ ಏನಾಗುತ್ತಿದೆ ಎಂದು ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು, ಅದನ್ನು ಬರೆದಿಟ್ಟುಕೊಳ್ಳಿ. ಆ ಹಾಳೆಯೇ ನಿಮ್ಮ ಪಠ್ಯ.

‘ಆರಾಮಾಗಿರಿ’ ಎಂಬ ಮಾತು ಕೆಲಸ ಮಾಡದು. ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಬೆನ್ನಿನ ಯಾವ ಜಾಗ ನೆಲಕ್ಕೆ ತಾಗಿಲ್ಲ?’ ಎಂದು ಕೇಳಿ. ಕೇಳಿದ ಮೇಲೆ ಮೂರು–ನಾಲ್ಕು ಉಸಿರಿನಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಿ. ‘ಉಸಿರು ಎಳೆದುಕೊಳ್ಳಿ’ ಅಂದರೆ ಹೆಗಲು ಮೇಲೇರುತ್ತದೆ. ‘ಉಸಿರು ಹೊರಗೆ ಹೋಗಲಿ, ಬರುವುದು ತಾನೇ ಬರುತ್ತದೆ’ ಅಂದರೆ ಪಕ್ಕೆಲುಬು ಅಲುಗುತ್ತದೆ. ‘ನೇರ ಕೂತ್ಕೊಳ್ಳಿ’ ಎಂದೊಡನೆ ಶಾಲೆಯ ನೆನಪಿಗೆ ಎಲ್ಲರ ಎದೆ ಉಬ್ಬಿ ಸೊಂಟ ಒಳಗೆ ಹೋಗುತ್ತದೆ, ಅದರ ಬದಲು ಕೂರುವ ಎರಡು ಮೂಳೆಗಳನ್ನು ಹುಡುಕಿಸಿ.

ಎಲ್ಲದಕ್ಕೂ ‘ಬಹುದು’ ಸೇರಿಸುವ ಚಟವೂ ಬೇಡ. ‘ನೀವು ಬೇಕಾದರೆ ಮಂಡಿಯನ್ನು ಎಡಕ್ಕೆ ತರಬಹುದೇನೋ’ ಅಂದರೆ ಜನ ತಬ್ಬಿಬ್ಬಾಗುತ್ತಾರೆ. ದಿಕ್ಕು ಖಚಿತವಾಗಿರಲಿ, ಪ್ರಮಾಣ ಅವರಿಗೆ ಬಿಟ್ಟದ್ದು: ‘ಮಂಡಿ ಎಡಕ್ಕೆ. ಎಷ್ಟು ಸುಲಭವೋ ಅಷ್ಟೇ.’ ಹಿರಿಯರಿರುವ ಗುಂಪಿನಲ್ಲಿ ಏಕವಚನ ಸಲ್ಲದು, ಹೆಸರು ಹಿಡಿದು ತಪ್ಪು ಹೇಳುವುದೂ ಸಲ್ಲದು. ಮಂಡಿಗೆ ಮೊಣಕಾಲು ಅನ್ನುವವರಿದ್ದಾರೆ, ಹೆಗಲಿಗೆ ಭುಜ ಅನ್ನುವವರಿದ್ದಾರೆ. ಮೊದಲ ತರಗತಿಯಲ್ಲೇ ಕೈಯಿಟ್ಟು ಹೆಸರು ಹೇಳಿಸಿ, ಅವರ ಪದವನ್ನೇ ಹಿಡಿಯಿರಿ.

ವಿದ್ಯಾರ್ಥಿಗಳನ್ನು ಮುಟ್ಟಿ ತಿದ್ದಬಹುದೇ?

ಮೊದಲ ವರ್ಷ ಮುಟ್ಟದೇ ಕಲಿಸಿ. ಮಾತಿನಿಂದ ಆಗದ್ದನ್ನು ಕೈಯಿಂದ ಮಾಡಿಸುವ ದುಡುಕು ಹೋಗುವುದು ಹಾಗೆಯೇ. ಮುಂದೆ ತರಬೇತಿಯಲ್ಲಿ ಸ್ಪರ್ಶ ಕಲಿತ ಮೇಲೂ ಪ್ರತಿ ಸಲ ಕೇಳಬೇಕು: ಎಲ್ಲಿ, ಏಕೆ, ಎಷ್ಟು ಹೊತ್ತು. ಕಳೆದ ವಾರ ಒಪ್ಪಿದ್ದು ಈ ವಾರಕ್ಕಲ್ಲ. ನಮ್ಮ ಕಡೆ ಎದುರಿಗೆ ‘ಬೇಡ’ ಎನ್ನಲು ಸಂಕೋಚ ಪಡುವವರೇ ಹೆಚ್ಚು, ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿಯಬಾರದು. ತಲೆದೆಸೆಯಲ್ಲಿ ಒಂದು ಅಡಿಕೆ ಇಟ್ಟುಕೊಂಡವರನ್ನು ಮಾತ್ರ ಮುಟ್ಟುವುದು ಎಂದು ನಿಯಮ ಮಾಡಿದರೆ ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ.

ಗಂಡಸರೂ ಹೆಂಗಸರೂ ಇರುವ ಹಳ್ಳಿಯ ಗುಂಪಿನಲ್ಲಿ ಮಲಗುವುದೇ ಮುಜುಗರ. ಹೆಂಗಸರದೇ ಬೇರೆ ತರಗತಿ ಇಡಿ, ಇಲ್ಲವೇ ಮೊದಲ ಎರಡು ವಾರ ಎಲ್ಲವನ್ನೂ ಕುರ್ಚಿಯ ಮೇಲೆ ಮಾಡಿಸಿ. ಸೀರೆಯಲ್ಲಿ ಬಂದವರನ್ನು ಹಿಂದೆ ಕಳಿಸಬೇಡಿ. ಹೊದೆಯಲು ಒಂದು ಪಂಚೆ ಕೊಟ್ಟರೆ ಸಾಕು. ಮಕ್ಕಳ ತರಗತಿಗೆ ಪೋಷಕರ ಬರಹದ ಒಪ್ಪಿಗೆ ಮತ್ತು ಇನ್ನೊಬ್ಬ ವಯಸ್ಕರ ಹಾಜರಿ ಎರಡೂ ಇರಲೇಬೇಕು.

ಯಾರ ವಿಷಯದಲ್ಲಿ ಎಚ್ಚರ ಬೇಕು?

ಗರ್ಭಿಣಿಯರನ್ನು ಇಪ್ಪತ್ತು ವಾರದ ನಂತರ ಹೆಚ್ಚು ಹೊತ್ತು ಅಂಗಾತ ಮಲಗಿಸಬೇಡಿ, ಎಡಮಗ್ಗುಲಾಗಲಿ. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಎಂದು ವೈದ್ಯರು ಹೇಳಿರುವವರಿಗೆ ಬೆನ್ನು ಗುಂಡಾಗಿಸಿ ಬಾಗುವುದು ಬೇಡ. ರಕ್ತದೊತ್ತಡ, ತಲೆಸುತ್ತು ಇರುವವರ ತಲೆ ಎದೆಗಿಂತ ಕೆಳಗೆ ಹೋಗದಿರಲಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿ ಬರಲಿ.

ಬೆನ್ನುನೋವಿನ ಜೊತೆ ತೊಡೆಗಳ ನಡುವೆ ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು, ಕಾಲಿನ ಬಲ ಕುಂದುವುದು ಕಂಡರೆ ತರಗತಿ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಕಳಿಸಿ. ಇದರಲ್ಲಿ ‘ನಾಳೆ ನೋಡೋಣ’ ಇಲ್ಲ.

ತರಗತಿಯ ನಡುವೆ ಯಾರಾದರೂ ಅಳತೊಡಗಿದರೆ?

ಆಗುತ್ತದೆ. ಬಹಳ ದಿನದ ಬಿಗಿತ ಸಡಿಲವಾದಾಗ ಕಣ್ಣೀರು ಬರುವುದು ಅಸಹಜವಲ್ಲ. ಸುತ್ತ ಎಲ್ಲರೂ ನೆರೆಯದಂತೆ ನೋಡಿಕೊಳ್ಳಿ, ಕಾರಣ ಕೆದಕಬೇಡಿ. ಕಣ್ಣು ತೆರೆಯಲು ಹೇಳಿ, ಪಾದ ನೆಲಕ್ಕೆ ಊರಲಿ, ಎದುರಿಗೆ ಕಾಣುವ ನಾಲ್ಕು ವಸ್ತುಗಳ ಹೆಸರು ಹೇಳಲಿ, ನೀರು ಕುಡಿಯಲಿ. ಕಣ್ಣು ಮುಚ್ಚುವುದನ್ನು ಕಡ್ಡಾಯ ಮಾಡದಿರುವುದು ಇದಕ್ಕೇ. ಮತ್ತೆ ಮತ್ತೆ ಆದರೆ ಅದು ನಿಮ್ಮ ಕೈಯ ಕೆಲಸವಲ್ಲ. ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ಬಳಿಗೆ ಕಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತಾಡಬಹುದು.

ಹಾಗಾದರೆ ನಾನು ಥೆರಪಿಸ್ಟ್ ಎಂದು ಹಾಕಿಕೊಳ್ಳಬಹುದೇ?

ಇಲ್ಲ. ನೃತ್ಯ ಚಿಕಿತ್ಸೆ ಪ್ರತ್ಯೇಕ ವೃತ್ತಿ. ಅಮೆರಿಕದಲ್ಲಿ ಅದರ ಸಂಘ 1966ರಲ್ಲೇ ಹುಟ್ಟಿತು. ನಮ್ಮ ದೇಶದ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ನೃತ್ಯ ಮತ್ತು ಚಲನ ಚಿಕಿತ್ಸಕರ ಹೆಸರೂ ಇದೆ. ಶಿಕ್ಷಕರು ಕಲಿಸುತ್ತಾರೆ, ರೋಗ ಗುರುತಿಸುವುದಿಲ್ಲ, ವಾಸಿ ಮಾಡುತ್ತೇನೆ ಎನ್ನುವುದಿಲ್ಲ. ಬೋರ್ಡಿನಲ್ಲಿ, ವಾಟ್ಸಾಪ್ ಸಂದೇಶದಲ್ಲಿ ‘ಬೆನ್ನುನೋವಿಗೆ ಪರಿಹಾರ’ ಎಂದು ಬರೆಯಲೇಬೇಡಿ.

ಜಾಗ ಹೇಗಿರಬೇಕು? ಮಳೆಗಾಲದಲ್ಲಿ ಏನು ಮಾಡುವುದು?

ಮಲಗಿ ಹೊರಳಲು ಒಬ್ಬರಿಗೆ ಸುಮಾರು 5 ಚದರ ಮೀಟರ್ ಬೇಕು. 12 ಜನಕ್ಕೆ 60 ಚದರ ಮೀಟರ್, ಅಂದರೆ 650 ಚದರ ಅಡಿ. ದೊಡ್ಡ ಅಡಿಕೆ ಮನೆಯ ಉಪ್ಪರಿಗೆ, ಶಾಲೆಯ ಸಭಾಂಗಣ, ಸಮುದಾಯ ಭವನ ಆಗುತ್ತದೆ. ಮರದ ಹಲಗೆಯ ನೆಲ ಸಿಕ್ಕರೆ ಅದೃಷ್ಟ. ಹಳೆಯ ರೆಡ್ ಆಕ್ಸೈಡ್ ನೆಲ ಚೆನ್ನ. ಹೊಳೆಯುವ ಟೈಲ್ಸ್ ಮೇಲೆ ಕಾಲುಚೀಲ ಹಾಕಿಸಿ ನಿಲ್ಲಿಸಬೇಡಿ.

ಹಾಸಿಗೆಗೆ ಕೆಳಗೆ ಚಾಪೆ, ಮೇಲೆ ಜಮಖಾನ, ಚಳಿ ಇದ್ದರೆ ಕಂಬಳಿ. ರಬ್ಬರಿನ ಯೋಗ ಮ್ಯಾಟು ಹಿಮ್ಮಡಿಯನ್ನು ಕಚ್ಚಿ ಹಿಡಿಯುತ್ತದೆ, ಕಾಲು ಜಾರಿಸಿ ಚಾಚುವ ಅಭ್ಯಾಸ ಅದರ ಮೇಲೆ ಆಗದು. ಇರುವುದು ಅದೇ ಆದರೆ ಮೇಲೊಂದು ಹತ್ತಿ ಬಟ್ಟೆ ಹಾಸಿ. ತಲೆಯಡಿಗೆ ಮಡಿಸಿದ ಟವೆಲ್, ಎರಡರಿಂದ ನಾಲ್ಕು ಸೆಂಟಿಮೀಟರ್ ಎತ್ತರ. ಗಲ್ಲ ಮೇಲಕ್ಕೆ ಎದ್ದಿದ್ದರೆ ಇನ್ನೊಂದು ಮಡಿಕೆ ಸೇರಿಸಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಸಿಮೆಂಟು ನೆಲ ಬೆವರುತ್ತದೆ, ಜಮಖಾನಕ್ಕೆ ಬೂಸಲು ಹಿಡಿಯುತ್ತದೆ. ಹಾಸುವ ಬಟ್ಟೆಯನ್ನು ಹೊಗೆಯಟ್ಟದ ಬಳಿ ಒಣಗಿಸಿಡಿ, ನೆಲವನ್ನು ತರಗತಿಗೆ ಒಂದು ಗಂಟೆ ಮೊದಲು ಒಣಬಟ್ಟೆಯಲ್ಲಿ ಒರೆಸಿ. ನೆಲ ತಣ್ಣಗಿದ್ದರೆ ಸ್ನಾಯು ಬಿಡುವುದಿಲ್ಲ. ಆ ತಿಂಗಳುಗಳಲ್ಲಿ ಮಲಗುವ ಭಾಗವನ್ನು ಅರ್ಧಕ್ಕಿಳಿಸಿ, ನಡೆದು ಮೈ ಬೆಚ್ಚಗಾದ ಮೇಲೆ ಮಲಗಿಸಿ. ತಗಡಿನ ಮಾಡಿನ ಕೆಳಗೆ ನಿಮ್ಮ ಧ್ವನಿ ಯಾರಿಗೂ ಕೇಳದು. ವೃತ್ತವಾಗಿ ತಲೆ ಒಳಮುಖ ಮಾಡಿ ಮಲಗಿಸಿ, ಮಾತು ಕಡಿಮೆ ಮಾಡಿ.

ಬಯಲಿನಲ್ಲಿ, ತೋಟದಲ್ಲಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮಳೆಗಾಲಕ್ಕೆ ಉಂಬಳ. ಡಿಸೆಂಬರ್‌ನಿಂದ ಮೇ ತನಕ ಅದಕ್ಕಿಂತ ದೊಡ್ಡ ಭಯ ಉಣುಗು: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಆ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆಯ ಮೇಲೆ ಯಾರನ್ನೂ ಮಲಗಿಸಬೇಡಿ. ಸಗಣಿ ಸಾರಿಸಿದ ಅಂಗಳ ಸಾಕು. ಕಾಡಿನ ಬದಿಯಲ್ಲಿ ನಡೆಯಲೇಬೇಕಿದ್ದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿ, ಹಿಂದಿರುಗಿ ಸ್ನಾನ ಮಾಡಬೇಕು.

ಸಂಗೀತ ಬೇಕೇ?

ನೆಲದ ಅಭ್ಯಾಸಕ್ಕೆ ಬೇಡ. ತಾಳ ಕೇಳಿದೊಡನೆ ಮೈ ಅದರ ಹಿಂದೆ ಹೋಗುತ್ತದೆ, ಒಳಗಿನ ಲಯ ಮರೆಯಾಗುತ್ತದೆ. ನೃತ್ಯದ ಭಾಗಕ್ಕೆ ಸಾಹಿತ್ಯವಿಲ್ಲದ ಸಂಗೀತ ಇರಲಿ.

ಇದರಿಂದ ಜೀವನ ನಡೆಯುತ್ತದೆಯೇ?

ಇದೊಂದರಿಂದಲೇ, ಮಲೆನಾಡಿನಲ್ಲಿ, ಮೊದಲ ಕೆಲವು ವರ್ಷ ಕಷ್ಟ. ಲೆಕ್ಕ ಹಾಕುವ ರೀತಿ ನೋಡಿ: 10 ಜನ, ತಿಂಗಳಿಗೆ 4 ತರಗತಿ, ತಲೆಗೆ 200 ರೂಪಾಯಿ ಎಂದಿಟ್ಟುಕೊಂಡರೆ 8,000. ಜಾಗದ ಬಾಡಿಗೆ ದಿನಕ್ಕೆ 500ರಂತೆ 2,000 ಹೋಗಿ 6,000 ಉಳಿಯಿತು, ಓಡಾಟದ ಖರ್ಚು ಇನ್ನೂ ಕಳೆದಿಲ್ಲ. ಆದ್ದರಿಂದ ನೃತ್ಯಶಾಲೆ, ರಂಗತಂಡ, ಶಾಲೆ, ಹಿರಿಯರ ಗುಂಪು ಹೀಗೆ ಎರಡು ಮೂರು ಕಡೆ ಕೈಯಿಟ್ಟವರು ನಿಲ್ಲುತ್ತಾರೆ.

ಕಾಲ ನೋಡಿ ತರಗತಿ ಇಡಿ. ಜುಲೈ–ಆಗಸ್ಟ್ ನಾಟಿ, ಅದರ ಮೇಲೆ ಅಡಿಕೆ ಕೊಯ್ಲು, ಸುಲಿತ. ಆಗ ಹಳ್ಳಿಯಲ್ಲಿ ಯಾರೂ ಬರಲಾರರು. ಫೆಬ್ರುವರಿ ನಂತರ ಆರು ವಾರದ ಕಂತು ಇಟ್ಟರೆ, ಸುಲಿದು ಹಿಡಿದುಕೊಂಡ ಹೆಗಲುಗಳು ತಾವೇ ಬಾಗಿಲಿಗೆ ಬರುತ್ತವೆ. ಮನೆಯವರಿಗೆ ಮಧ್ಯಾಹ್ನ ಮೂರರಿಂದ ನಾಲ್ಕೂಕಾಲು ಒಗ್ಗುವ ಹೊತ್ತು. ಕೊನೆಯ ಬಸ್ಸಿನ ಸಮಯ ಕೇಳಿಕೊಂಡೇ ತರಗತಿಯ ಸಮಯ ನಿಶ್ಚಯಿಸಿ. ಬಸ್ಸು ತಪ್ಪೀತೆಂಬ ಆತಂಕದಲ್ಲಿ ಮಲಗಿದವರ ಕುತ್ತಿಗೆ ಸಡಿಲವಾಗದು.

ತರಬೇತಿ ಶುರುವಾಗುವ ತನಕ ಮನೆಯಲ್ಲಿ ಏನು ಮಾಡಲಿ?

ದಿನಕ್ಕೆ 20 ನಿಮಿಷ, ಒಂದೇ ಅಭ್ಯಾಸ, ಆರು ವಾರ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಿಸಿ, ಪಾದಗಳು ತೊಡೆಯಗಲಕ್ಕೆ. ಮೊದಲು ಮೂರು ನಿಮಿಷ ಏನೂ ಮಾಡದೆ ಬಲಬದಿ, ಎಡಬದಿ ನೆಲಕ್ಕೆ ತಾಗಿರುವುದರಲ್ಲಿ ವ್ಯತ್ಯಾಸ ಇದೆಯೇ ನೋಡಿ. ಆಮೇಲೆ ಬಾಲದ ಮೂಳೆಯನ್ನು ನೆಲಕ್ಕೆ ಒತ್ತುತ್ತ ಕೆಳಬೆನ್ನನ್ನು ಸ್ವಲ್ಪ ಎತ್ತಿ, ಇರುವೆ ಹಾಯುವಷ್ಟು ಸಾಕು. ಉಸಿರು ಬಿಡುತ್ತ ಒಂದೊಂದೇ ಮಣಿಯಾಗಿ ಇಳಿಸಿ, ಕೊನೆಗೆ ಕೆಳಬೆನ್ನು ನೆಲಕ್ಕೆ ತಾಗಲಿ. ನಿಲ್ಲಿ. ಹೀಗೆ ಎಂಟು ಸಲ. ಇಳಿಸುವಾಗ ಎಲ್ಲೋ ಒಂದು ಕಡೆ ನಡುಗುತ್ತದೆ ಅಥವಾ ಎರಡು ಮೂರು ಮಣಿ ಒಟ್ಟಿಗೆ ಧೊಪ್ಪೆಂದು ಬೀಳುತ್ತವೆ. ಅಲ್ಲಿ ವೇಗವನ್ನು ಅರ್ಧ ಮಾಡಿ, ಬಲ ಹಾಕಬೇಡಿ. ಗಲ್ಲ ಸಹ ಜೊತೆಗೆ ಮೇಲೆ ಕೆಳಗೆ ಆಡುತ್ತದೆಯೇ, ಅಥವಾ ಕುತ್ತಿಗೆ ಗಟ್ಟಿಯಾಗಿ ನಿಂತಿದೆಯೇ?

ಎದ್ದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ‘ಚೆನ್ನಾಗಿತ್ತು’, ‘ಹಗುರಾಯಿತು’ ಎಂದಲ್ಲ. ‘ಬಲಗಡೆ ಮೂರನೆಯ ಪಕ್ಕೆ ತಾಗಲಿಲ್ಲ, ಆರನೆಯ ಸಲಕ್ಕೆ ತಾಗಿತು’ ಎಂಬಷ್ಟು ಖಚಿತವಾಗಿ. ಆಯ್ಕೆಯ ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆ ಆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.